ಕಡಲುಗಳ್ಳನ ಹಡಗಿನಲ್ಲಿ ಚಿಲಕ ಯಾವ ಕಡೆಗಿದೆ?

ಪ್ರಶ್ನೆ: ನಾನು ಮಂಡ್ಯದವಳು. ಕೆಲಸಕ್ಕೆ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ರೈಲಿನಲ್ಲೇ ಓದಿ ಮುಗಿಸಿದೆ. ಕಥೆ 1720ರ ಸುಮಾರಿನ ಕೆರಿಬಿಯನ್ ಕಡಲಿನದು. ತನ್ನ ಅಣ್ಣನನ್ನು ನೇಣಿಗೆ ಹಾಕಿಸಿದ ಗವರ್ನರ್ ಮೇಲೆ ಸೇಡು ತೀರಿಸಿಕೊಳ್ಳಲು ಒಬ್ಬ ಕಡಲುಗಳ್ಳ ಹೊರಡುತ್ತಾನೆ. ಮದುವೆಗೆಂದು ಹಡಗು ಹತ್ತಿದ ಗವರ್ನರ್ ಮಗಳನ್ನು ಹೊತ್ತೊಯ್ಯುತ್ತಾನೆ. ಕೊನೆಗೆ ಇಬ್ಬರಿಗೂ ಪ್ರೀತಿಯಾಗುತ್ತದೆ. ಪುಸ್ತಕ ಕೆಳಗಿಡೋಕೆ ಆಗಲಿಲ್ಲ. ಆದರೆ ನಮ್ಮಕ್ಕ, "ಹೊತ್ತುಕೊಂಡು ಹೋದವನನ್ನ ಪ್ರೀತಿಸೋದೂ ಒಂದು ಕಥೇನಾ? ಇಷ್ಟಪಡೋಕೆ ನಿಂಗೆ ನಾಚಿಕೆ ಆಗಲ್ವಾ?" ಅಂದಳು. ಇದರಲ್ಲಿ ಇತಿಹಾಸ ಎಷ್ಟು ನಿಜ? ಇಂಥ ಪುಸ್ತಕವನ್ನು ಹೇಗೆ ಓದಬೇಕು? ಪಿಯುಸಿ ಓದುತ್ತಿರುವ ಅಕ್ಕನ ಮಗಳೂ ಕೇಳುತ್ತಿದ್ದಾಳೆ. ಕೊಡಬಹುದಾ?

ಉತ್ತರ: ಇಷ್ಟಪಟ್ಟಿದ್ದಕ್ಕೆ ನಾಚಿಕೊಳ್ಳಬೇಡಿ. ನಿಮ್ಮಕ್ಕನ ಪ್ರಶ್ನೆಯೂ ತಪ್ಪಲ್ಲ. ಆ ಪ್ರಶ್ನೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಓದಿದರೆ ಈ ಥರದ ಕಾದಂಬರಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮೈಸೂರಿನಲ್ಲಿ ಇತಿಹಾಸ ಪಾಠ ಹೇಳುತ್ತಾ, ಸಂಜೆ ಹೊತ್ತು ಓದುಗರ ಜೊತೆ ಇಂಥ ಪುಸ್ತಕಗಳ ಬಗ್ಗೆ ಮಾತಾಡುತ್ತಾ ಬಂದಿದ್ದೇನೆ. ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿದೆ. ಸೆರೆ ಹಿಡಿದವನಿಗೂ ಸೆರೆ ಸಿಕ್ಕವಳಿಗೂ ಪ್ರೀತಿಯಾಗುವ ಕಥೆಯಲ್ಲಿ ನೀವು ಹುಡುಕಬೇಕಾದ್ದು ಬಿಡುಗಡೆಯ ಪುಟ. ಅದು ಪ್ರೀತಿಗೆ ಮುಂಚೆ ಬಂತಾ, ಆಮೇಲೆ ಬಂತಾ? ಹೋಗಬಹುದು ಅಂತಾದ ಮೇಲೂ ಅವಳು ಉಳಿದಳಾ? ಇಲ್ಲಾ, ಹೋಗೋಕೆ ದಾರಿಯೇ ಇಲ್ಲದಿದ್ದಾಗ ಒಪ್ಪಿಕೊಂಡಳಾ? ಕಾದಂಬರಿಯ ಯೋಗ್ಯತೆ ಅಲ್ಲೇ ತೀರ್ಮಾನವಾಗುತ್ತದೆ.

ಮೊದಲು ಇತಿಹಾಸ. ನಿಮ್ಮ ಕಾದಂಬರಿಕಾರರು 1720ನ್ನು ಸುಮ್ನೆ ಆರಿಸಿಕೊಂಡಿಲ್ಲ. ಆ ಎರಡು ಮೂರು ವರ್ಷ ಕೆರಿಬಿಯನ್‌ನಲ್ಲಿ ಗವರ್ನರ್‌ಗಳಿಗೂ ಕಡಲುಗಳ್ಳರಿಗೂ ನೇರ ಜಟಾಪಟಿ ನಡೆದಿತ್ತು. 1717ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜಾರ್ಜ್, ಮುಂದಿನ ವರ್ಷದ ಸೆಪ್ಟೆಂಬರ್ ಒಳಗೆ ಶರಣಾದ ಕಡಲುಗಳ್ಳರಿಗೆ ಕ್ಷಮೆ ಅಂತ ಘೋಷಿಸಿದ. 1718ರ ಜುಲೈನಲ್ಲಿ ವುಡ್ಸ್ ರಾಜರ್ಸ್ ಎಂಬಾತ ಗವರ್ನರ್ ಆಗಿ ಬಹಾಮಾಸ್ ದ್ವೀಪಗಳ ನಸ್ಸಾವುಗೆ ಬಂದು ಅವರ ಗೂಡನ್ನೇ ಕಿತ್ತ. ಅದೇ ವರ್ಷ ನವೆಂಬರ್‌ನಲ್ಲಿ ಬ್ಲ್ಯಾಕ್‌ಬಿಯರ್ಡ್ ಎಂಬ ಹೆಸರಾಂತ ಕಡಲುಗಳ್ಳ ಸತ್ತ. 1720ರ ನವೆಂಬರ್‌ನಲ್ಲಿ ಜಮೈಕಾದಲ್ಲಿ ಜಾನ್ ರ‍್ಯಾಕಮ್‌ನನ್ನು ನೇಣಿಗೆ ಹಾಕಿ, ಹೆಣವನ್ನು ಬಂದರಿಗೆ ಬರುವ ಹಡಗುಗಳಿಗೆ ಕಾಣುವ ಹಾಗೆ ತೂಗುಬಿಟ್ಟರು. ಹಾಗಾಗಿ ಗವರ್ನರ್ ಒಬ್ಬ ನಾಯಕನ ಅಣ್ಣನನ್ನು ನೇಣಿಗೇರಿಸಿದ ಅನ್ನೋದು ಪೂರಾ ನಂಬಬಹುದಾದ ಮಾತು. ಇಂಥ ಕಾದಂಬರಿಗಳ ಕೊನೆಯಲ್ಲಿ ಆಗಾಗ ಬರುವ ರಾಜನ ಕ್ಷಮಾಪತ್ರವೂ ಕಟ್ಟುಕಥೆಯಲ್ಲ.

ಸೇಡು ಕೂಡ ನಿಜವೇ. ಆ ಕಾಲದ ಎಷ್ಟೋ ಕಳ್ಳ ಹಡಗುಗಳ ಹೆಸರಿನಲ್ಲೇ ಸೇಡು ಇತ್ತು. ಬ್ಲ್ಯಾಕ್‌ಬಿಯರ್ಡ್‌ನ ದೊಡ್ಡ ಹಡಗಿನ ಹೆಸರು ಕ್ವೀನ್ ಆ್ಯನ್ಸ್ ರಿವೆಂಜ್, ಅಂದರೆ ಆ್ಯನ್ ರಾಣಿಯ ಸೇಡು. ಬಾರ್ಬಡೋಸ್ ಮತ್ತು ಮಾರ್ಟಿನಿಕ್ ದ್ವೀಪದವರು ತನ್ನ ಬೆನ್ನು ಹತ್ತಿದರು ಅಂತ ಬಾರ್ತಲೊಮ್ಯು ರಾಬರ್ಟ್ಸ್ ಎಂಬ ಕಡಲುಗಳ್ಳ ಒಂದು ಬಾವುಟವನ್ನೇ ಮಾಡಿಸಿದ. ಎರಡು ತಲೆಬುರುಡೆಗಳ ಮೇಲೆ ತಾನು ಕಾಲಿಟ್ಟು ನಿಂತ ಚಿತ್ರ, ಒಂದೊಂದು ಬುರುಡೆ ಕೆಳಗೆ ಒಂದೊಂದು ದ್ವೀಪದವರನ್ನು ಸೂಚಿಸುವ ಅಕ್ಷರಗಳು. ಆದರೆ ಅವರ ದಿನನಿತ್ಯದ ಸೇಡು ಇನ್ನೊಂದು ಬಗೆಯದು. ವ್ಯಾಪಾರದ ಹಡಗು ಹಿಡಿದಾಗ ಅದರ ನಾವಿಕರನ್ನು ನಿಲ್ಲಿಸಿ, "ನಿಮ್ಮ ಕ್ಯಾಪ್ಟನ್ ನಿಮ್ಮನ್ನ ಹೇಗೆ ನೋಡಿಕೊಂಡ?" ಅಂತ ಕೇಳುತ್ತಿದ್ದರು. ಹೊಡೆದವನು, ಅನ್ನ ಕಡಿಮೆ ಮಾಡಿದವನು ಆಗಿದ್ದರೆ ಅವನಿಗೆ ಒದೆ. ಎಷ್ಟೋ ಸಲ ಸಾವು. ಕಡಲುಗಳ್ಳರಲ್ಲಿ ಬಹಳಷ್ಟು ಜನ ಮೊದಲು ಅಂಥದ್ದೇ ಹಡಗುಗಳಲ್ಲಿ ಏಟು ತಿಂದ ಕೂಲಿ ನಾವಿಕರು. ಅವರ ಸಿಟ್ಟು ಆ ಏಟುಗಳಿಂದ ಬಂದದ್ದು. ಕಾದಂಬರಿ ಈ ಸಿಟ್ಟನ್ನೆಲ್ಲ ತೆಗೆದು ಒಬ್ಬ ಚೆಲುವ ಕ್ಯಾಪ್ಟನ್‌ನ ಮನೆತನದ ಸೇಡಾಗಿ ಮಾಡುತ್ತದೆ. ನನಗೆ ಇದೊಂದು ನಷ್ಟ ಅಂತಲೇ ಅನ್ನಿಸುತ್ತದೆ.

ಇನ್ನು ಕ್ಯಾಪ್ಟನ್‌ನ ಕ್ಯಾಬಿನ್. ನಿಮ್ಮ ಪುಸ್ತಕದಲ್ಲಿ ಅರ್ಧ ಕಥೆ ಅಲ್ಲೇ ನಡೆದಿರಬೇಕು. ಮುಚ್ಚಿದ ಬಾಗಿಲು, ಮೇಣದ ಬತ್ತಿ, ದೊಡ್ಡ ಮಂಚ. ಇದು ಪೂರ್ತಿ ಕಲ್ಪನೆ. ಕಳ್ಳ ಹಡಗಿನಲ್ಲಿ ಕ್ಯಾಪ್ಟನ್‌ನನ್ನು ನಾವಿಕರೇ ಮತ ಹಾಕಿ ಆರಿಸುತ್ತಿದ್ದರು, ಬೇಡ ಅನ್ನಿಸಿದರೆ ಇಳಿಸುತ್ತಿದ್ದರು. ರಾಬರ್ಟ್ಸ್ ಹಡಗಿನ ಕಟ್ಟಳೆಯಲ್ಲಿ ಲೂಟಿ ಹಂಚುವಾಗ ಅವನಿಗೆ ಬರುತ್ತಿದ್ದದ್ದು ಎರಡು ಪಾಲು ಅಷ್ಟೇ. 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲುಗಳ್ಳರ ಚರಿತ್ರೆ ಹೇಳುವ ಪ್ರಕಾರ, ಯಾರು ಬೇಕಾದರೂ ಕ್ಯಾಪ್ಟನ್ ಕ್ಯಾಬಿನ್‌ಗೆ ನುಗ್ಗಿ ಅವನ ತಟ್ಟೆಯಿಂದಲೇ ಕಿತ್ತು ತಿನ್ನಬಹುದಿತ್ತು. ಅಂಥ ಕೋಣೆಯಲ್ಲಿ ಇಬ್ಬರೇ ಕೂತು ಪಿಸುಮಾತಾಡೋದು ಸಾಧ್ಯವಿಲ್ಲ. ಹೆಣ್ಣನ್ನು ಗಂಡುವೇಷದಲ್ಲಿ ಹಡಗಿಗೆ ತಂದವನಿಗೆ ಮರಣದಂಡನೆ ಅಂತ ಅದೇ ಕಟ್ಟಳೆಯಲ್ಲಿತ್ತು. ಹೆಣ್ಣು ಸೆರೆ ಸಿಕ್ಕರೆ ಕಾವಲಿಗೆ ಒಬ್ಬನನ್ನು ನಿಲ್ಲಿಸುತ್ತಿದ್ದರು. ಆ ಕಾವಲುಗಾರನೇ ಅವಳ ಮೇಲೆ ಕೈ ಹಾಕುತ್ತಿದ್ದ ಅಂತ ಆ ಚರಿತ್ರೆಯೇ ಬರೆದಿದೆ.

ಸೆರೆಯಾಳುಗಳಿಂದ ಅವರಿಗೆ ಬೇಕಾಗಿದ್ದು ಹೆಚ್ಚಾಗಿ ಹಣ, ಇಲ್ಲಾ ಸಾಮಾನು. 1718ರ ಮೇ ತಿಂಗಳಲ್ಲಿ ಬ್ಲ್ಯಾಕ್‌ಬಿಯರ್ಡ್ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನು ಕಟ್ಟಿಹಾಕಿ, ಊರಿನ ದೊಡ್ಡ ಮನುಷ್ಯರನ್ನು ಒತ್ತೆ ಹಿಡಿದ. ನಾಲ್ಕು ವರ್ಷದ ಮಗುವೂ ಅವರಲ್ಲಿತ್ತು. ಅವನು ಕೇಳಿದ್ದು ಒಂದು ಔಷಧದ ಪೆಟ್ಟಿಗೆ! ಅದು ಕೈಗೆ ಬಂದ ಮೇಲೆ ಎಲ್ಲರ ಬಟ್ಟೆಬರೆ ಕಿತ್ತುಕೊಂಡು ಬಿಟ್ಟುಬಿಟ್ಟ.

ಹಾಗಾದರೆ ಕಡಲುಗಳ್ಳ ಮತ್ತು ಸೆರೆಯ ಹುಡುಗಿಯ ಪ್ರೇಮಕಥೆ ಎಲ್ಲಿಂದ ಬಂತು? ಅದರ ಒಂದು ಬೇರು ನಮ್ಮ ಕಡಲಿನಲ್ಲೇ ಇದೆ. 1695ರಲ್ಲಿ ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲುಗಳ್ಳ, ಮೆಕ್ಕಾ ಯಾತ್ರೆ ಮುಗಿಸಿ ಸೂರತ್‌ಗೆ ವಾಪಸಾಗುತ್ತಿದ್ದ ಔರಂಗಜೇಬನ ಹಡಗು ಗಂಜ್-ಇ-ಸವಾಯಿಯನ್ನು ಹಿಡಿದ. ದಿನಗಟ್ಟಲೆ ಲೂಟಿ ನಡೆಯಿತು. ಹಡಗಿನಲ್ಲಿದ್ದ ಹೆಂಗಸರ ಮೇಲೆ ಅತ್ಯಾಚಾರವಾಯಿತು. ಮಾನ ಉಳಿಸಿಕೊಳ್ಳೋಕೆ ಕೆಲವರು ಕಡಲಿಗೆ ಹಾರಿದರು ಅಂತ ಮೊಘಲರ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಎವೆರಿ ಮಾತ್ರ ಕೊನೆವರೆಗೂ ಸಿಗಲಿಲ್ಲ. ಅವನ ಕಡೆಯ ಐವರನ್ನು 1696ರಲ್ಲಿ ಲಂಡನ್ನಿನಲ್ಲಿ ನೇಣಿಗೆ ಹಾಕಿದರು.

ಆಮೇಲೆ ಏನಾಯಿತು ನೋಡಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಲಂಡನ್ನಿನಲ್ಲಿ ಬೇರೆಯೇ ಕಥೆ ಹರಡಿತು. ಆ ಹಡಗಿನಲ್ಲಿ ಬಾದಶಹನ ಮನೆಯ ರಾಜಕುಮಾರಿ ಇದ್ದಳಂತೆ. ಎವೆರಿ ಅವಳನ್ನು ಮದುವೆಯಾಗಿ ಮಡಗಾಸ್ಕರ್‌ನಲ್ಲಿ ರಾಜನಾದನಂತೆ. 1709ರಲ್ಲಿ ಇದು ಚಿಕ್ಕ ಪುಸ್ತಕವಾಗಿ ಬಂತು. ಮೂರು ನಾಲ್ಕು ವರ್ಷದಲ್ಲಿ ನಾಟಕವಾಗಿ ರಂಗದ ಮೇಲೂ ಬಂತು. ಹೆಂಗಸರು ಪ್ರಾಣ ಬಿಟ್ಟ ಘಟನೆ ಮದುವೆಯ ಕಥೆಯಾಗಿ ಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮಕ್ಕನ ಮಾತಿನ ಹಿಂದೆ ಇರೋದೂ ಇದೇ ಸಿಟ್ಟು ಅಲ್ವಾ?

ಸರಿಸುಮಾರು ಅದೇ ಹೊತ್ತಿಗೆ ನಮ್ಮ ಕಾರವಾರದ ಹತ್ತಿರ ಒಬ್ಬ ನಿಜವಾದ ಹುಡುಗಿ ನಿಜವಾಗಿ ಸೆರೆ ಸಿಕ್ಕಿದಳು. ಕ್ಯಾಥರೀನ್ ಕುಕ್ ಅಂತ ಹೆಸರು. 1709ರಲ್ಲಿ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿನಿಂದ ಬಂದವಳು. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ. ಕಾರವಾರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಕೋಠಿಯ ಮುಖ್ಯಸ್ಥ ವಯಸ್ಸಿನಲ್ಲಿ ಬಹಳ ದೊಡ್ಡವನು. ಅವನಿಗೆ ಅವಳನ್ನು ಮದುವೆ ಮಾಡಿಕೊಟ್ಟು ಅಪ್ಪ ಅಮ್ಮ ಬಂಗಾಳಕ್ಕೆ ಹೊರಟರು. ಮೂರು ವರ್ಷ ಕಳೆಯುವ ಮುಂಚೆಯೇ ಆ ಗಂಡ ತೀರಿಕೊಂಡ. ಥಾಮಸ್ ಚೌನ್ ಎಂಬುವನನ್ನು ಎರಡನೇ ಮದುವೆಯಾದಳು. 1712ರ ನವೆಂಬರ್‌ನಲ್ಲಿ ಇಬ್ಬರೂ ಕಾರವಾರದಿಂದ ಬೊಂಬಾಯಿಗೆ ಹೊರಟಾಗ ಕಾನ್ಹೋಜಿ ಆಂಗ್ರೆಯ ಹಡಗುಗಳು ಮುತ್ತಿದವು. ಗುಂಡೇಟಿಗೆ ಗಂಡನ ತೋಳು ಹೋಯಿತು. ಅವಳ ಕೈಯಲ್ಲೇ ಪ್ರಾಣ ಬಿಟ್ಟ. ತುಂಬು ಬಸುರಿಯಾಗಿದ್ದ ಅವಳನ್ನು ಆಂಗ್ರೆಯ ಕೋಟೆಗೆ ಸಾಗಿಸಿದರು.

ಆಂಗ್ರೆ ಮರಾಠರ ನೌಕಾಪಡೆಯ ಮುಖ್ಯಸ್ಥ. ತನ್ನ ಪರವಾನಗಿ ಪತ್ರ ಇಲ್ಲದ ಹಡಗು ಹಿಡಿಯೋದು ತನ್ನ ಹಕ್ಕು ಅನ್ನೋನು. ಕಡಲುಗಳ್ಳ ಅಂತ ಕರೆದದ್ದು ಇಂಗ್ಲಿಷರು. ನಾನು ಆ ಪಟ್ಟ ಒಪ್ಪುವುದಿಲ್ಲ. ಆದರೆ ಅವಳ ಪಾಲಿಗೆ ಸೆರೆ ಸೆರೆಯೇ. 1713ರ ಫೆಬ್ರವರಿಯಲ್ಲಿ ಮೂವತ್ತು ಸಾವಿರ ರೂಪಾಯಿ ಒತ್ತೆಹಣ ಕೊಟ್ಟು ಬಿಡಿಸಿಕೊಂಡು ಬಂದರು. ಕರೆತರಲು ಹೋದ ಅಧಿಕಾರಿ ಅವಳ ಮೈ ಮುಚ್ಚಲು ತನ್ನ ಬಟ್ಟೆ ಹೊದಿಸಬೇಕಾಯಿತು. ಆಮೇಲೆ ಅವಳು ಮಗುವನ್ನು ಹೆತ್ತಳು. ಸತ್ತ ಗಂಡಂದಿರ ಆಸ್ತಿಗಾಗಿ ಕಂಪನಿಗೆ ಅರ್ಜಿ ಮೇಲೆ ಅರ್ಜಿ ಹಾಕಿದಳು. ಮೂರನೇ ಮದುವೆಯಾದಳು. 1721ರಲ್ಲಿ ಕೇರಳದ ಅಂಚುತೆಂಗು ಕೋಟೆಯ ಹತ್ತಿರ ನಡೆದ ಗಲಾಟೆಯಲ್ಲಿ ಆ ಗಂಡನನ್ನೂ ಕಳೆದುಕೊಂಡು ಕಡಲ ದಾರಿಯಲ್ಲಿ ಮದ್ರಾಸಿಗೆ ಪಾರಾದಳು.

ಅವಳ ಕಥೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಅವಳನ್ನು ಆಂಗ್ರೆ ಹಿಡಿದಿಟ್ಟದ್ದು ಮೂರೇ ತಿಂಗಳು. ಅದಕ್ಕೂ ಮುಂಚೆ, ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಗಂಡಸಿಗೆ ಕೊಟ್ಟು ಹೋದರಲ್ಲ, ಅದಕ್ಕೆ ಯಾರೂ ಸೆರೆ ಅನ್ನಲಿಲ್ಲ. ಈಗ ನಿಮ್ಮ ಕಾದಂಬರಿಯ ಶುರು ನೆನಪು ಮಾಡಿಕೊಳ್ಳಿ. ನಾಯಕಿ ಯಾವ ಹಡಗಿನಲ್ಲಿದ್ದಳು? ಅಪ್ಪ ಗೊತ್ತು ಮಾಡಿದ ಮದುವೆಗೆ ಹೊರಟ ಹಡಗಿನಲ್ಲಿ. ಅಲ್ಲೂ ಯಾರೂ ಅವಳನ್ನು ಕೇಳಿರಲಿಲ್ಲ. ಇಂಥ ಕಾದಂಬರಿಗಳ ನಿಜವಾದ ಬಲ ಇದೇ ಅಂತ ನನ್ನ ನಂಬಿಕೆ. ಅಪ್ಪನ ಕೈಯಿಂದ ಗಂಡನ ಕೈಗೆ ದಾಟುವ ಹುಡುಗಿಯ ದಾರಿ ನಡುವಲ್ಲಿ ತುಂಡಾಗುತ್ತದೆ. ಮೊದಲ ಸಲ ಅವಳ ಇಷ್ಟ ಏನು ಅನ್ನೋ ಪ್ರಶ್ನೆ ಏಳುತ್ತದೆ. ರೈಲಿನಲ್ಲಿ ಕೂತು ನೀವು ಪುಸ್ತಕ ಕೆಳಗಿಡದೆ ಓದಿದ್ದು ಆ ಪ್ರಶ್ನೆಗಾಗಿಯೂ ಇರಬಹುದು. ಬರೀ ಅವನ ಅಗಲ ಎದೆಗಾಗಿ ಓದಿದ್ದರೂ ತಪ್ಪೇನಿಲ್ಲ ಬಿಡಿ. ಆದರೆ ಪ್ರಶ್ನೆ ಎದ್ದ ಮೇಲೆ ಕಾದಂಬರಿ ಅದಕ್ಕೆ ಉತ್ತರ ಕೊಡಲೇಬೇಕು. ಕೊಡದೆ ತಪ್ಪಿಸಿಕೊಂಡರೆ ಅದು ಎವೆರಿಯ ಕಥೆಯಂಥದ್ದೇ ಆಗುತ್ತದೆ.

ಇದಕ್ಕೆ ಅಳತೆಗೋಲು ಹೊರಗೆಲ್ಲೋ ಹುಡುಕಬೇಕಿಲ್ಲ. ನಮ್ಮ ನಾಗಚಂದ್ರ ಹನ್ನೆರಡನೇ ಶತಮಾನದ ಹೊತ್ತಿಗೇ ಕೊಟ್ಟಿದ್ದಾನೆ. ಅವನ ಜೈನ ರಾಮಾಯಣದ ರಾವಣ, ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು. ಸೀತೆಯನ್ನು ಹೊತ್ತು ತರುತ್ತಾನೆ, ಕಾಡುತ್ತಾನೆ, ಕೊನೆಗೆ ಅವಳ ಗಟ್ಟಿತನ ಕಂಡು ನಿಜವಾಗಿ ಕರಗುತ್ತಾನೆ. ತಾನು ಮಾಡಿದ್ದು ತಪ್ಪು ಅಂತ ಅವನಿಗೇ ಅನ್ನಿಸುತ್ತದೆ. ಇವತ್ತಿನ ಪ್ರೇಮ ಕಾದಂಬರಿಯಾಗಿದ್ದರೆ ಅಲ್ಲಿಗೇ ಅವನನ್ನು ನಾಯಕ ಮಾಡಿಬಿಡುತ್ತಿದ್ದರು. ನಾಗಚಂದ್ರ ಹಾಗೆ ಮಾಡುವುದಿಲ್ಲ. ಈಗಲೇ ಒಪ್ಪಿಸಿಬಿಟ್ಟರೆ ಹೆದರಿ ಕೊಟ್ಟ ಅಂತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಕೊಡುತ್ತೇನೆ ಅಂತ ರಾವಣ ಯೋಚಿಸುತ್ತಾನೆ. ಮನಸ್ಸು ಬದಲಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಆ ಒಂದು ಹಟದಿಂದಲೇ ಅವನು ಹಾಳಾದ. ಸೇಡಿನ ನಾಯಕನ ಪಶ್ಚಾತ್ತಾಪ ಎಷ್ಟು ಅಸಲಿ ಅಂತ ನೋಡುವಾಗ ನನಗೆ ಈ ರಾವಣನೇ ನೆನಪಾಗುತ್ತಾನೆ. ಪುಟಗಟ್ಟಲೆ ಕೊರಗುತ್ತಾನೆ, ಸರಿ. ಅವಳನ್ನು ದಡಕ್ಕೆ ಬಿಟ್ಟನಾ?

ಈಗ ಮತ್ತೆ ಪುಸ್ತಕ ಕೈಗೆ ತೆಗೆದುಕೊಳ್ಳಿ, ಒಂದು ಪೆನ್ಸಿಲ್ ಇರಲಿ. ಮೊದಲ ಹಾಳೆಗಳಲ್ಲಿ ಮುದ್ರಣದ ವರ್ಷ ನೋಡಿ. 1972ರಲ್ಲಿ ಅಮೆರಿಕದಲ್ಲಿ ಬಂದ ಒಂದು ಕಾದಂಬರಿ ಈ ಪ್ರಕಾರಕ್ಕೆ ಭಾರಿ ಮಾರುಕಟ್ಟೆ ತೆರೆಯಿತು. ಅದರಲ್ಲಿ ನಾಯಕನೇ ಶುರುವಿನಲ್ಲಿ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ. ಮುಂದೆ ಹಲವು ವರ್ಷ ಅದೇ ಅಚ್ಚಿನವು ಸಾಲು ಸಾಲಾಗಿ ಬಂದವು. ಆಮೇಲಿನ ಬರಹಗಾರ್ತಿಯರಲ್ಲಿ ಬಹಳಷ್ಟು ಜನ ಅದನ್ನು ಕೈಬಿಟ್ಟರು. ನಿಮ್ಮ ಪುಸ್ತಕ ಆ ಎಪ್ಪತ್ತು ಎಂಬತ್ತರ ದಶಕದ್ದಾದರೆ ಅಂಥ ದೃಶ್ಯವನ್ನು ಪ್ರೀತಿ ಅಂತ ಬಣ್ಣಿಸಿರುವ ಸಾಧ್ಯತೆ ಜಾಸ್ತಿ. ಅದನ್ನು ನೀವು ಬಲಾತ್ಕಾರ ಅಂತಲೇ ಓದಿ.

ಆಮೇಲೆ ಕ್ಯಾಬಿನ್ನಿನ ಬಾಗಿಲು ಬರುವ ಕಡೆಯೆಲ್ಲ ಗುರುತು ಹಾಕಿ. ಚಿಲಕ ಯಾವ ಕಡೆಗಿದೆ? ಮೊದಲ ಅಧ್ಯಾಯಗಳಲ್ಲಿ ಹೊರಗಿನಿಂದ ಹಾಕಿರುತ್ತದೆ. ಯಾವಾಗ ಅದು ಒಳಗೆ, ಅವಳ ಕೈಗೆ ಬರುತ್ತದೆ? ಚೆನ್ನಾಗಿ ಬರೆಯುವವರು ಈ ಸಣ್ಣ ವಿಷಯ ಮರೆಯುವುದಿಲ್ಲ. ಬಾಗಿಲು ತಟ್ಟಿ ಅವನು ಹೊರಗೆ ಕಾಯುತ್ತಾನೆ, ಅವಳು ತೆರೆಯದೆ ಸುಮ್ಮನಿರುತ್ತಾಳೆ, ಅವನು ವಾಪಸ್ ಹೋಗುತ್ತಾನೆ. ಹೀಗೊಂದು ದೃಶ್ಯ ಸಿಕ್ಕರೆ ಬರೆದವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತು. ಅವಳು ಬೇಡ ಅಂದದ್ದಕ್ಕೂ ಬೆಲೆ ಇದೆ ಅಂತಾಯಿತು. ಬದಲಿಗೆ ಅವನಿಗೆ ಗಾಯವಾಗಿ ಅವಳು ಪಟ್ಟಿ ಕಟ್ಟುತ್ತಾ ಕರಗಿದಳು, ಬಿರುಗಾಳಿಗೆ ಹೆದರಿ ತಬ್ಬಿಕೊಂಡಳು, ಮದುವೆಗೆ ಗೊತ್ತು ಮಾಡಿದ್ದ ಗಂಡು ಇವನಿಗಿಂತ ದುಷ್ಟ ಅಂತ ತಿಳಿಯಿತು, ಇಷ್ಟರಲ್ಲೇ ಮುಗಿಸಿದ್ದರೆ ಬರೆದವರು ಕಷ್ಟದ ಜಾಗ ಹಾರಿಸಿದ್ದಾರೆ. ಇನ್ನೊಬ್ಬ ಕೆಟ್ಟವನು ಅಂದ ಮಾತ್ರಕ್ಕೆ ಇವನು ಒಳ್ಳೆಯವನಾಗೋಲ್ಲ.

ಅವಳ ಅಪ್ಪನ ವಿಷಯವನ್ನೂ ಗಮನಿಸಿ. ಸೇಡಿನ ಕಥೆಯಲ್ಲಿ ಮಗಳು ಶುರುವಿನಲ್ಲಿ ಅಪ್ಪನ ಸಾಲಕ್ಕೆ ಜಪ್ತಿಯಾದ ಸಾಮಾನಿನ ಹಾಗೆ ಇರುತ್ತಾಳೆ. ಅಣ್ಣನ ನೇಣಿಗೂ ಅವಳಿಗೂ ಏನು ಸಂಬಂಧ? ಏನೂ ಇಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳುವ ಜಾಗ ಇದೆಯಾ? ಅಪ್ಪ ನಿರಪರಾಧಿ ಅಂತ ಗೊತ್ತಾದ ಮೇಲೆ ಹೇಳಿದರೆ ಅದಕ್ಕೆ ಬೆಲೆ ಕಡಿಮೆ. ಅಪ್ಪ ತಪ್ಪಿತಸ್ಥನೇ ಆಗಿದ್ದು, ಆದರೂ "ನಿನ್ನನ್ನ ಹಿಡಿದು ತಂದದ್ದು ಅನ್ಯಾಯ" ಅಂದರೆ ಅದು ನಿಜವಾದ ತಿರುವು.

ಕೆಲವರು ಇದನ್ನೆಲ್ಲ ಸ್ಟಾಕ್‌ಹೋಮ್ ಸಿಂಡ್ರೋಮ್, ಅಂದರೆ ಸೆರೆ ಹಿಡಿದವರ ಮೇಲೇ ಸೆರೆಯಾಳಿಗೆ ಒಲವು ಹುಟ್ಟುವುದು, ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 1973ರಲ್ಲಿ ಸ್ವೀಡನ್ನಿನ ಒಂದು ಬ್ಯಾಂಕ್ ದರೋಡೆಯಲ್ಲಿ ಆರು ದಿನ ಒತ್ತೆಯಲ್ಲಿದ್ದ ನಾಲ್ವರಿಂದ ಆ ಹೆಸರು ಬಂತು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಒತ್ತೆಯಲ್ಲಿದ್ದ ಒಬ್ಬಾಕೆ, ದರೋಡೆಕೋರನಿಗಿಂತ ಪೊಲೀಸರ ಆತುರವೇ ತನಗೆ ಹೆಚ್ಚು ಭಯ ಹುಟ್ಟಿಸಿತ್ತು ಅಂತ ವಿವರಿಸಿದ್ದಾರೆ. ಜೀವ ಉಳಿಸಿಕೊಳ್ಳೋಕೆ ಒಬ್ಬ ಹೆಂಗಸು ಮಾಡುವ ಲೆಕ್ಕಾಚಾರವನ್ನು ರೋಗ ಅನ್ನೋದು ಸರಿಯಲ್ಲ. ನಿಮ್ಮ ನಾಯಕಿ ನಗುವಾಗ, ಮಾತಾಡುವಾಗ, ಅದು ಒಲವೋ ಉಪಾಯವೋ ಅಂತ ಕೇಳಿಕೊಂಡು ಓದಿ. ಒಳ್ಳೆಯ ಕಾದಂಬರಿಯಲ್ಲಿ ಅವಳಿಗೂ ಇದು ಸ್ವಲ್ಪ ಹೊತ್ತು ತಿಳಿಯುವುದಿಲ್ಲ.

ನಿಮ್ಮ ರೈಲು ಶ್ರೀರಂಗಪಟ್ಟಣದ ಮೇಲೇ ಹೋಗುತ್ತದೆ. ಒಂದು ರಜಾದಿನ ಅಲ್ಲಿ ಇಳಿದು ಕರ್ನಲ್ ಬೇಲಿ ಬಂದೀಖಾನೆ ನೋಡಿ ಬನ್ನಿ. ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತುಗಳಿವೆ. ಕೈದಿಗಳ ಕೈಯನ್ನು ಅಲ್ಲಿಗೇ ಸರಪಳಿಯಿಂದ ಬಿಗಿಯುತ್ತಿದ್ದರು ಅಂತಾರೆ. 1780ರ ಯುದ್ಧದಲ್ಲಿ ಹೈದರಾಲಿಗೆ ಸೆರೆ ಸಿಕ್ಕ ಇಂಗ್ಲಿಷ್ ಸೇನೆಯ ಕರ್ನಲ್ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಉಳಿದವರಿಗೆ ಬಿಡುಗಡೆಯಾದದ್ದು 1784ರ ಮಂಗಳೂರು ಒಪ್ಪಂದದ ಮೇಲೆ. ಬದುಕಿ ಬಂದ ಕೆಲವರು ನೆನಪು ಬರೆದಿದ್ದಾರೆ. ಅದರ ತುಂಬ ಇರೋದು ಅಕ್ಕಿಯ ಅಳತೆ, ಕಾಲಿನ ಬೇಡಿ, ಕಾಯಿಲೆ, ಹೊರಗಿನ ಸುದ್ದಿಗಾಗಿ ಹಂಬಲ. ಇದು ಓದಿದ ಮೇಲೆ ಕಾದಂಬರಿಯ ರೇಷ್ಮೆ ಹಾಸಿಗೆಯ ಸೆರೆಯನ್ನು ಬೇರೆ ಕಣ್ಣಿನಿಂದ ನೋಡುತ್ತೀರಿ.

ಅಕ್ಕನ ಮಗಳ ವಿಷಯ. ಬಲಾತ್ಕಾರದ ದೃಶ್ಯ ಇದ್ದರೆ, ಅದನ್ನು ಪ್ರೀತಿಯ ಬಣ್ಣದಲ್ಲಿ ಬರೆದಿದ್ದರೆ, ಈಗ ಬೇಡ. ಇಲ್ಲದಿದ್ದರೆ ಕೊಡಿ. ಕದ್ದುಮುಚ್ಚಿ ಮೊಬೈಲಿನಲ್ಲಿ ಇದಕ್ಕಿಂತ ಕೆಟ್ಟದ್ದು ಓದುವ ಬದಲು ನಿಮ್ಮ ಕೈಯಿಂದ ತೆಗೆದುಕೊಂಡು ಓದಲಿ. ಆದರೆ ಅವಳ ಅಮ್ಮನಿಗೆ ಹೇಳದೆ ಕೊಡಬೇಡಿ. ಮೊದಲು ಅಕ್ಕನೇ ಓದಲಿ. ಪೂರಾ ಓದೋಕೆ ಪುರುಸೊತ್ತಿಲ್ಲ ಅಂದರೆ ನೀವು ಪೆನ್ಸಿಲ್ ಹಾಕಿದ ಪುಟಗಳನ್ನಾದರೂ ತೋರಿಸಿ, ನಾಯಕ ಅವಳನ್ನು ದಡಕ್ಕೆ ಬಿಡುವ ಅಧ್ಯಾಯವನ್ನೂ ತೋರಿಸಿ. ಅಂಥ ಅಧ್ಯಾಯ ಪುಸ್ತಕದಲ್ಲಿ ಇಲ್ಲವೇ ಇಲ್ಲ ಅಂತಾದರೆ ಅಕ್ಕ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡುಬಿಡಿ.